ಮಣಿಕಟ್ಟಿನ ಮೇಲೆ ಎದೆಬಡಿತದ ಲೆಕ್ಕ

ಬೆಳಗಿನ ಆರು ಗಂಟೆಗೆ ಯಾವ ಜಿಲ್ಲಾ ಕೇಂದ್ರದ ಕ್ರೀಡಾಂಗಣಕ್ಕೆ ಹೋದರೂ ಒಂದು ದೃಶ್ಯ ಸಾಮಾನ್ಯ. ಒಂದು ಕಡೆ ಸ್ವೆಟರು, ಮಫ್ಲರು ಹೊದ್ದು ವಾಯುವಿಹಾರ ಮಾಡುವ ಹಿರಿಯರು. ಇನ್ನೊಂದು ಕಡೆ ಪೊಲೀಸ್ ಅಥವಾ ಸೈನ್ಯದ ನೇಮಕಾತಿಗೆಂದು 1600 ಮೀಟರ್ ಓಟದ ಅಭ್ಯಾಸಕ್ಕೆ ಇಳಿದ ಹುಡುಗರು. ಹಿಂದೆ ಇವರ ಜೊತೆಗಿರುತ್ತಿದ್ದುದು ಒಂದು ಸ್ಟಾಪ್‌ವಾಚು, ಸೀಟಿ ಊದುವ ಒಬ್ಬ ಮೇಷ್ಟ್ರು. ಈಗ ಹಲವರ ಮಣಿಕಟ್ಟಿನ ಮೇಲೆ ಹಸಿರು ಬೆಳಕು ಮಿನುಗಿಸುವ ಗಡಿಯಾರವಿದೆ. ಅದು ಸಮಯವನ್ನಷ್ಟೇ ಅಲ್ಲ, ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯುತ್ತಿದೆ ಎಂಬುದನ್ನೂ ತೋರಿಸುತ್ತದೆ.

ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಇಂಥ ಗಡಿಯಾರ ಕಟ್ಟಿಕೊಂಡು ಮೊದಲ ದಿನ ಓಡಿದನೆಂದಿಟ್ಟುಕೊಳ್ಳಿ. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಗಡಿಯಾರ ಗುಂಯ್‌ಗುಟ್ಟಿ ಎಚ್ಚರಿಸುತ್ತದೆ: 172! ಆರೋಗ್ಯವಂತನ ನಾಡಿ ನಿಮಿಷಕ್ಕೆ 72 ಎಂದು ಹೈಸ್ಕೂಲಿನಲ್ಲಿ ಓದಿದವನಿಗೆ ಗಾಬರಿಯಾಗದೆ ಇರುತ್ತದೆಯೇ? ಓಟ ನಿಲ್ಲಿಸಿ ಅಲ್ಲೇ ಕೂರುತ್ತಾನೆ. ಮನೆಗೆ ಬಂದು ಹೇಳಿದರೆ ತಾಯಿಯ ಮುಖ ಬಾಡುತ್ತದೆ. ‘ನೂರೆಪ್ಪತ್ತೆರಡಾ? ಓಡೋದೂ ಬೇಡ, ಏನೂ ಬೇಡ ಕಣೋ. ಸುಮ್ಮನೆ ಕೂತು ಓದಿಕೊಂಡು ಬ್ಯಾಂಕ್ ಪರೀಕ್ಷೆ ಬರಿ.’ ತಂದೆ ಅದೇ ಗಡಿಯಾರವನ್ನು ತಮ್ಮ ಕೈಗೆ ಕಟ್ಟಿಕೊಂಡು ಅಂಗಡಿಯವರೆಗೆ ನಡೆದು ಬರುತ್ತಾರೆ. ಅವರದು 120 ಆಗಿರುತ್ತದೆ. ಈಗ ಮನೆಮಂದಿಗೆಲ್ಲ ಚಿಂತೆ.

ತಾಯಿಯ ಭಯ ಸುಳ್ಳಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ನಾಡಿನ ಮನೆಮನೆಯಲ್ಲೂ ಇದೇ ಮಾತು. ದಿನವೂ ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾದರೆ ಉಳಿದವರ ಗತಿ ಏನು ಎಂದು ಜನ ದಿಗಿಲುಬಿದ್ದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಸಾಲುಗಟ್ಟಿದರು. ಆ ದಿಗಿಲು ಕೆಲವರನ್ನು ವೈದ್ಯರ ಬಳಿ ಕಳಿಸಿದ್ದು ಒಳ್ಳೆಯದೇ ಆಯಿತು. ಆದರೆ ವ್ಯಾಯಾಮವೇ ಅಪಾಯ ಎಂಬ ತೀರ್ಮಾನಕ್ಕೆ ಬಂದು ಮಕ್ಕಳನ್ನು ಮೈದಾನದಿಂದ ಹೊರಗೆ ಎಳೆದರೆ ಅದು ರೋಗಕ್ಕೆ ಹೆದರಿ ಔಷಧಿಯನ್ನು ಚೆಲ್ಲಿದಂತೆ. ಗಡಿಯಾರ ತೋರಿಸುವ ಅಂಕಿಯ ಅರ್ಥ ತಿಳಿದರೆ ಈ ಭಯದ ಅರ್ಧಭಾಗ ತಾನಾಗಿ ಇಳಿಯುತ್ತದೆ. ಉಳಿದರ್ಧವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದೂ ಗೊತ್ತಾಗುತ್ತದೆ.

ಬಡಿತ ಏಕೆ ಏರುತ್ತದೆ?

ಸುಮ್ಮನೆ ಕುಳಿತವರ ಹೃದಯ ನಿಮಿಷಕ್ಕೆ 70 ಸಲ ಬಡಿದರೆ ದಿನಕ್ಕೆ 1,00,800 ಬಡಿತವಾಯಿತು. ವಯಸ್ಕರಲ್ಲಿ ವಿಶ್ರಾಂತಿಯ ಬಡಿತ 60ರಿಂದ 100ರ ನಡುವೆ ಇದ್ದರೆ ಸಹಜವೆನ್ನುತ್ತಾರೆ. ಪಠ್ಯಪುಸ್ತಕದ 72 ಒಂದು ಸರಾಸರಿ ಮಾತ್ರ. ಆಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತಿರುತ್ತದೆ. ಓಡಲು ಶುರು ಮಾಡಿದೊಡನೆ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಕೇಳುತ್ತವೆ. ಅದನ್ನು ಹೊತ್ತು ತರುವುದು ರಕ್ತ. ಹೃದಯ ಪ್ರತಿ ಬಡಿತಕ್ಕೂ ಸ್ವಲ್ಪ ಹೆಚ್ಚು ರಕ್ತ ದೂಡಿ, ಬಡಿತದ ವೇಗವನ್ನೂ ಏರಿಸಿಕೊಂಡು ಆ ಬೇಡಿಕೆ ಪೂರೈಸುತ್ತದೆ. ಜೋರಾಗಿ ಓಡುವ ಯುವಕನ ಹೃದಯ ನಿಮಿಷಕ್ಕೆ 20 ಲೀಟರಿನಷ್ಟು ರಕ್ತ ದೂಡಬಲ್ಲದು. ನುರಿತ ದೂರದ ಓಟಗಾರರಲ್ಲಿ ಇದು 30 ಲೀಟರನ್ನೂ ಮೀರುತ್ತದೆ.

ಅಂದರೆ ಓಡುವಾಗ ಬಡಿತ ಏರುವುದು ಕಾಯಿಲೆಯಲ್ಲ, ಹೃದಯ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ದೇಹ ಎಷ್ಟು ದುಡಿಯುತ್ತಿದೆ ಎಂಬುದನ್ನು ಹೊರಗಿನಿಂದ ಅಳೆಯಲು ಬಡಿತದಷ್ಟು ಸುಲಭದ ಮಾಪಕ ಬೇರೊಂದಿಲ್ಲ. ಕ್ರೀಡಾ ತರಬೇತುದಾರರು ಇದರ ಬೆನ್ನು ಹತ್ತಿದ್ದು ಈ ಕಾರಣಕ್ಕೆ.

ಎಣಿಕೆಯ ಹಿಂದಿನ ಕಥೆ

ನಾಡಿ ನೋಡುವುದು ನಮ್ಮ ವೈದ್ಯಪದ್ಧತಿಯಲ್ಲೂ ಗ್ರೀಕರಲ್ಲೂ ಚೀನಿಯರಲ್ಲೂ ಹಳೆಯದು. ಆದರೆ ಅದನ್ನು ಅಳೆಯುವ ಉಪಕರಣ ಬಂದದ್ದು 17ನೆಯ ಶತಮಾನದ ಆರಂಭದಲ್ಲಿ. ಇಟಲಿಯ ವೈದ್ಯ ಸಾಂಟೋರಿಯೊ ಒಂದು ದಾರಕ್ಕೆ ಗುಂಡು ಕಟ್ಟಿ ಲೋಲಕ ಮಾಡಿದ. ಅದರ ತೂಗಾಟ ರೋಗಿಯ ನಾಡಿಗೆ ಸರಿಹೊಂದುವವರೆಗೆ ದಾರವನ್ನು ಉದ್ದ ಗಿಡ್ಡ ಮಾಡಿ, ದಾರದ ಉದ್ದವನ್ನೇ ನಾಡಿಯ ಅಳತೆಯೆಂದು ಬರೆದುಕೊಂಡ. ನೂರು ವರ್ಷದ ನಂತರ, 1707ರಲ್ಲಿ, ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯ ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಬಳಸಿ ನಾಡಿ ಎಣಿಸುವ ಕ್ರಮವನ್ನು ಪುಸ್ತಕವಾಗಿ ಪ್ರಕಟಿಸಿದ.

ಹೃದಯ ಬಡಿಯುವಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಸ್ಪಷ್ಟವಾಗಿ ದಾಖಲಿಸುವ ಯಂತ್ರವನ್ನು ರೂಪಿಸಿದ್ದಕ್ಕಾಗಿ ಹಾಲೆಂಡಿನ ವಿಲ್ಲೆಮ್ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದು ಆಸ್ಪತ್ರೆಯಲ್ಲಿ ತೆಗೆಯುವ ಇಸಿಜಿಯ ಮೂಲ ಅದೇ. ಆದರೆ ಓಡಾಡುವ ಮನುಷ್ಯನ ಬಡಿತವನ್ನು ಹಿಡಿಯುವುದು ಹೇಗೆ? 1940ರ ದಶಕದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಇದಕ್ಕಾಗಿ ತಯಾರಿಸಿದ ಸಲಕರಣೆ ಬೆನ್ನಿಗೆ ಹೊರುವಂಥದು, ತೂಕ ಸುಮಾರು 38 ಕೆ.ಜಿ. ಅಷ್ಟು ಹೊತ್ತುಕೊಂಡು ಯಾರು ತಾನೇ ಓಡಿಯಾರು?

ಪರಿಹಾರ ಬಂದದ್ದು ಹಿಮದ ನಾಡು ಫಿನ್‌ಲ್ಯಾಂಡಿನಿಂದ. ಅಲ್ಲಿ ಹಿಮದ ಮೇಲೆ ಹತ್ತಾರು ಕಿಲೋಮೀಟರ್ ಸ್ಕೀ ಮಾಡುವುದು ಜನಪ್ರಿಯ ಆಟ. ಬಡಿತ ತಿಳಿಯಲು ಆಟಗಾರ ನಿಂತು, ಕೈಗವಸು ತೆಗೆದು, ಚಳಿಯಲ್ಲಿ ನಾಡಿ ಹುಡುಕಬೇಕಿತ್ತು. ನಿಂತ ಕೆಲವೇ ಸೆಕೆಂಡುಗಳಲ್ಲಿ ಬಡಿತ ಇಳಿಯತೊಡಗುವುದರಿಂದ ಸಿಕ್ಕ ಲೆಕ್ಕವೂ ಸರಿಯಿರುತ್ತಿರಲಿಲ್ಲ. ಔಲು ನಗರದ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕರಾಗಿದ್ದ ಸೆಪ್ಪೊ ಸಾಯ್ನಾಯಾಕಂಗಾಸ್ ಈ ತೊಡಕನ್ನು ಬಿಡಿಸಲು ಹೊರಟರು. 1977ರಲ್ಲಿ ಅವರು ಪೋಲಾರ್ ಎಲೆಕ್ಟ್ರೊ ಎಂಬ ಸಂಸ್ಥೆ ಕಟ್ಟಿದರು. 1982ರಲ್ಲಿ ಆ ಸಂಸ್ಥೆಯ ‘ಸ್ಪೋರ್ಟ್ ಟೆಸ್ಟರ್ ಪಿಇ 2000’ ಮಾರುಕಟ್ಟೆಗೆ ಬಂತು. ಎದೆಗೆ ಒಂದು ಪಟ್ಟಿ, ಕೈಗೆ ಒಂದು ಗಡಿಯಾರ, ನಡುವೆ ತಂತಿಯಿಲ್ಲ. ತಂತಿಯ ಹಂಗಿಲ್ಲದೆ ಮೈಮೇಲೆ ಧರಿಸಿ ಬಡಿತ ನೋಡಬಹುದಾದ ಮೊದಲ ಉಪಕರಣ ಅದು. ಇಂದು ಮೊಬೈಲ್ ಅಂಗಡಿಗಳಲ್ಲಿ ಸಿಗುವ ಗಡಿಯಾರಗಳೆಲ್ಲ ಅದರ ಮರಿಮಕ್ಕಳು.

ಎದೆಪಟ್ಟಿ ಮತ್ತು ಹಸಿರು ಬೆಳಕು

ಈಗಿರುವುದು ಮುಖ್ಯವಾಗಿ ಎರಡು ಬಗೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಚರ್ಮಕ್ಕೆ ತಾಗುವ ಭಾಗವನ್ನು ನೀರಿನಿಂದ ಒದ್ದೆ ಮಾಡಿ ಬಿಗಿಯಾಗಿ ಕಟ್ಟಿದರೆ ಲೆಕ್ಕ ಬಹಳ ನಿಖರ. ಮಣಿಕಟ್ಟಿನ ಗಡಿಯಾರದ ವಿಧಾನ ಬೇರೆ. ಅದರ ಹಿಂಬದಿಯ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತ ನುಗ್ಗಿ ಬಂದಾಗ ಹಿಂತಿರುಗುವ ಬೆಳಕು ತುಸು ಕಡಿಮೆಯಾಗುತ್ತದೆ, ರಕ್ತ ಸರಿದಾಗ ಹೆಚ್ಚಾಗುತ್ತದೆ. ಈ ಏರಿಳಿತವನ್ನು ಗಡಿಯಾರ ಎಣಿಸುತ್ತದೆ.

ಸುಮ್ಮನೆ ಕುಳಿತಾಗ, ಒಂದೇ ವೇಗದಲ್ಲಿ ನಡೆಯುವಾಗ ಈ ಲೆಕ್ಕ ನಂಬಬಹುದಾದದ್ದೇ. ಆದರೆ ಕೈ ಜೋರಾಗಿ ಬೀಸಿದಾಗ, ಡಂಬೆಲ್ ಬಿಗಿಯಾಗಿ ಹಿಡಿದಾಗ, ಪಟ್ಟಿ ಸಡಿಲವಾದಾಗ, ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿಸಿದಾಗ, ಮಣಿಕಟ್ಟಿನ ಮೇಲೆ ದಟ್ಟ ಹಚ್ಚೆಯಿದ್ದಾಗ ಅದು ತಪ್ಪಬಹುದು. ಓಡುವವರು ನಿಮಿಷಕ್ಕೆ 160ರಿಂದ 180 ಹೆಜ್ಜೆ ಇಡುತ್ತಾರೆ. ಕೆಲವೊಮ್ಮೆ ಗಡಿಯಾರ ಎದೆಬಡಿತವನ್ನು ಬಿಟ್ಟು ಹೆಜ್ಜೆಯ ಅದುರನ್ನೇ ಎಣಿಸಿ ತೋರಿಸುವುದುಂಟು. ಮೈಗೆ ಹಾಯೆನಿಸಿದ್ದರೂ ಗಡಿಯಾರ 175 ಎಂದರೆ ಮೊದಲು ಅನುಮಾನಿಸಬೇಕಾದದ್ದು ಗಡಿಯಾರವನ್ನು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಜಾರದಂತೆ ಕಟ್ಟುವುದು ಒಳ್ಳೆಯದು.

ಗಡಿಯಾರದ ಲೆಕ್ಕವನ್ನು ಬೆರಳಿನಿಂದಲೇ ಪರೀಕ್ಷಿಸಬಹುದು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಒತ್ತಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರಾಯಿತು. ಹೆಬ್ಬೆರಳಿನಿಂದ ಎಣಿಸಬಾರದು, ಅದರ ನಾಡಿಯೇ ಗೊಂದಲ ಮಾಡುತ್ತದೆ.

ಲೆಕ್ಕ ಹಾಕುವುದು ಹೇಗೆ?

ಮೊದಲು ಬೇಕಾದದ್ದು ವಿಶ್ರಾಂತಿಯ ಬಡಿತ. ಬೆಳಿಗ್ಗೆ ಎಚ್ಚರವಾದ ಮೇಲೆ ಹಾಸಿಗೆಯಿಂದ ಏಳುವ ಮುಂಚೆ, ಕಾಫಿಗೂ ಮುಂಚೆ, ನಾಲ್ಕೈದು ದಿನ ಎಣಿಸಿ ಸರಾಸರಿ ತೆಗೆಯಬೇಕು.

ಎರಡನೆಯದು ಗರಿಷ್ಠ ಬಡಿತ, ಅಂದರೆ ಹೃದಯ ಏರಬಲ್ಲ ತುತ್ತತುದಿ. 220ರಿಂದ ವಯಸ್ಸನ್ನು ಕಳೆಯಬೇಕೆಂಬ ಸೂತ್ರವನ್ನು ಜಿಮ್ಮಿನ ಗೋಡೆಗಳ ಮೇಲೆ ಎಲ್ಲರೂ ನೋಡಿದ್ದಾರೆ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಫಾಕ್ಸ್ ಮತ್ತು ಸಂಗಡಿಗರು 1971ರ ತಮ್ಮ ಲೇಖನದಲ್ಲಿ ಆವರೆಗಿನ ಕೆಲವು ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ನೋಡಿ ಕೊಟ್ಟ ಅಂದಾಜು ಇದರ ಮೂಲ. ಅದು ಪ್ರತಿಯೊಬ್ಬರಿಗೂ ಅನ್ವಯಿಸುವ ನಿಯಮವೆಂದು ರೂಪಿಸಿದ್ದಲ್ಲ. 2001ರಲ್ಲಿ ಹಿರೋಫುಮಿ ತನಾಕ ಮತ್ತು ಸಂಗಡಿಗರು ಇನ್ನಷ್ಟು ವಿಸ್ತಾರವಾದ ಅಧ್ಯಯನದಿಂದ ಬೇರೆ ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. 60 ವರ್ಷದವರಿಗೆ ಹಳೆಯ ಸೂತ್ರ 160 ಎಂದರೆ ಹೊಸದು 166 ಎನ್ನುತ್ತದೆ. ಯಾವ ಸೂತ್ರ ಹಿಡಿದರೂ ಒಬ್ಬ ವ್ಯಕ್ತಿಯಲ್ಲಿ 10-12 ಬಡಿತ ಹೆಚ್ಚು ಕಡಿಮೆ ಇರುವುದು ತೀರಾ ಸಾಮಾನ್ಯ. ಶಾಲೆಗೆ ಹೋಗುವ ಮಕ್ಕಳಿಗಂತೂ ವಯಸ್ಸು ಕಳೆಯುವ ಈ ಲೆಕ್ಕ ಹೊಂದುವುದಿಲ್ಲ. 10 ವರ್ಷದವರಿರಲಿ, 15 ವರ್ಷದವರಿರಲಿ, ಅವರ ಗರಿಷ್ಠ ಬಡಿತ 200ರ ಆಸುಪಾಸಿನಲ್ಲೇ ಇರುತ್ತದೆ.

ಮೂರನೆಯ ಹೆಜ್ಜೆ ಫಿನ್‌ಲ್ಯಾಂಡಿನವರೇ ಆದ ಮಾರ್ಟಿ ಕಾರ್ವೋನೆನ್ ಅವರ ಕೊಡುಗೆ. 1957ರಲ್ಲಿ ಅವರೂ ಸಂಗಡಿಗರೂ ಕೆಲವು ಯುವಕರಿಗೆ ಓಟದ ಅಭ್ಯಾಸ ಮಾಡಿಸಿ ನೋಡಿದರು. ವಿಶ್ರಾಂತಿಯ ಬಡಿತಕ್ಕೂ ಗರಿಷ್ಠ ಬಡಿತಕ್ಕೂ ನಡುವಿನ ಅಂತರದಲ್ಲಿ ಸುಮಾರು ಶೇಕಡಾ 60ರಷ್ಟಾದರೂ ಏರಿದವರಲ್ಲಿ ಸುಧಾರಣೆ ಕಂಡಿತು. ಈ ಅಂತರವೇ ಹೃದಯದ ‘ಮೀಸಲು’.

ನಮ್ಮ ಹುಡುಗನ ಲೆಕ್ಕವನ್ನೇ ನೋಡೋಣ. ವಯಸ್ಸು 19, ವಿಶ್ರಾಂತಿಯ ಬಡಿತ 72. ಹೊಸ ಸೂತ್ರದಂತೆ ಗರಿಷ್ಠ ಬಡಿತ ಸುಮಾರು 195. ಮೀಸಲು 195ರಲ್ಲಿ 72 ಕಳೆದರೆ 123. ಅದರ ಶೇಕಡಾ 60 ಎಂದರೆ 74. ಅದಕ್ಕೆ 72 ಕೂಡಿಸಿದರೆ 146. ಶೇಕಡಾ 80ಕ್ಕೆ ಹೀಗೆಯೇ ಲೆಕ್ಕ ಹಾಕಿದರೆ 170. ಅಂದರೆ ಅವನನ್ನು ಹೆದರಿಸಿದ 172 ಹತ್ತೊಂಬತ್ತರ ಹುಡುಗನೊಬ್ಬ ಜೋರಾಗಿ ಓಡಿದಾಗ ಬರಬೇಕಾದ ಅಂಕಿಯೇ. ಗಡಿಯಾರ ಗುಂಯ್‌ಗುಟ್ಟಿದ್ದು ಅದರಲ್ಲಿ ಯಾವುದೋ ಎಚ್ಚರಿಕೆಯ ಮಿತಿ ಹಾಕಿದ್ದರಿಂದ. ಹೃದಯಕ್ಕೆ ಏನೋ ಆಗಿದೆಯೆಂದಲ್ಲ.

ಇನ್ನು ತಂದೆಗೆ 48 ವರ್ಷ, ವಿಶ್ರಾಂತಿಯ ಬಡಿತ 78 ಎನ್ನೋಣ. ಗರಿಷ್ಠ ಸುಮಾರು 174, ಮೀಸಲು 96. ಬಿರುಸಿನ ನಡಿಗೆಗೆ ಮೀಸಲಿನ ಶೇಕಡಾ 40ರಿಂದ 60ರವರೆಗೆ ಹಿಡಿದರೆ 116ರಿಂದ 136. ಅಂಗಡಿಗೆ ನಡೆದಾಗ ಬಂದ 120 ಅವರಿಗೆ ಒಳ್ಳೆಯ ವ್ಯಾಯಾಮವೇ ಆಯಿತು. ಅದೇ ದಾರಿಯಲ್ಲಿ ಜೊತೆಗೆ ನಡೆದ ಮಗನ ಬಡಿತ 95 ದಾಟದೆ ಇರಬಹುದು. ಒಬ್ಬರ ಅಂಕಿಯನ್ನು ಇನ್ನೊಬ್ಬರಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ರಕ್ತದೊತ್ತಡಕ್ಕೆ ‘ಬೀಟಾ ಬ್ಲಾಕರ್’ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗಂತೂ ಈ ಸೂತ್ರಗಳು ಸಲ್ಲವು. ಆ ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ. ಅವರು ವೈದ್ಯರು ಹೇಳಿದ ಮಿತಿಯನ್ನೇ ಪಾಲಿಸಬೇಕು.

ನಿಧಾನವೂ ಅಭ್ಯಾಸವೇ

ನೇಮಕಾತಿಗೆ ತಯಾರಾಗುವ ಹುಡುಗರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಪ್ರತಿದಿನವೂ ಪರೀಕ್ಷೆಯ ದಿನದಂತೆಯೇ ಪ್ರಾಣ ಬಿಟ್ಟು ಓಡುತ್ತಾರೆ. ಎರಡು ವಾರದಲ್ಲಿ ಮೊಣಕಾಲು, ಮೀನಖಂಡ ನೋಯತೊಡಗುತ್ತವೆ. ಮೂರನೆಯ ವಾರ ಮೈದಾನಕ್ಕೆ ಬರುವುದೇ ನಿಲ್ಲುತ್ತದೆ. ನುರಿತ ದೂರದ ಓಟಗಾರರ ಕ್ರಮ ಇದಕ್ಕೆ ವಿರುದ್ಧ. ಅವರ ವಾರದ ಓಟದಲ್ಲಿ ಹೆಚ್ಚಿನ ಪಾಲು ಮಾತಾಡುತ್ತಾ ಓಡಬಹುದಾದ ವೇಗದ್ದು. ಬಿರುಸಿನ ಓಟ ವಾರಕ್ಕೆ ಒಂದೋ ಎರಡೋ ದಿನ ಮಾತ್ರ.

ಬಡಿತ ತೋರಿಸುವ ಗಡಿಯಾರದ ನಿಜವಾದ ಉಪಯೋಗ ಇಲ್ಲಿದೆ. ಜೋರಾಗಿ ಓಡು ಎಂದು ಹೇಳಲು ಅದು ಬೇಕಿಲ್ಲ, ಗೆಳೆಯರ ಪೈಪೋಟಿಯೇ ಸಾಕು. ನಿಧಾನದ ದಿನ ನಿಧಾನವಾಗಿಯೇ ಓಡುವಂತೆ ಕಡಿವಾಣ ಹಾಕಲು ಅದು ಬೇಕು. ಮೇಲಿನ ಹುಡುಗ ಮೊದಲ ಮೂರು ನಾಲ್ಕು ವಾರ ಅರ್ಧ ಗಂಟೆಯ ಕಾಲ 145ರ ಆಸುಪಾಸಿನಲ್ಲಿದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ನಡೆಯುವುದು, ಇಳಿದ ಮೇಲೆ ಮತ್ತೆ ಓಡುವುದು. ಆಮೇಲೆ ವಾರಕ್ಕೊಂದು ದಿನ 400 ಮೀಟರಿನ ಬಿರುಸಿನ ಸುತ್ತುಗಳು, ನಡುನಡುವೆ ಬಡಿತ 120ಕ್ಕೆ ಇಳಿಯುವ ತನಕ ನಡಿಗೆ. ಓಟಕ್ಕೆ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದನ್ನೂ, ಮುಗಿದ ಮೇಲೆ ತಕ್ಷಣ ಕೂರದೆ ಐದು ನಿಮಿಷ ನಡೆಯುವುದನ್ನೂ ತಪ್ಪಿಸಬಾರದು.

ಕೆಲವು ವಾರ ಹೀಗೆ ಮಾಡಿದರೆ ಬದಲಾವಣೆ ಕಾಣತೊಡಗುತ್ತದೆ. ಅದೇ ವೇಗಕ್ಕೆ ಮೊದಲು 165 ಇದ್ದ ಬಡಿತ 155ಕ್ಕೆ ಇಳಿಯುತ್ತದೆ. ನಿಂತ ಒಂದು ನಿಮಿಷದಲ್ಲಿ ಬಡಿತ ಹಿಂದಿಗಿಂತ ಬೇಗ ತಗ್ಗುತ್ತದೆ. ಬೆಳಗಿನ ನಾಡಿಯೂ ನಿಧಾನವಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡಲು ಕಲಿತದ್ದೇ ಇದರ ಕಾರಣ. ವಿಶ್ರಾಂತಿಯ ಬಡಿತ 70ರಿಂದ 60ಕ್ಕೆ ಇಳಿದರೆ ದಿನಕ್ಕೆ 14,400 ಬಡಿತ ಉಳಿಯಿತು. ನುರಿತ ದೂರದ ಓಟಗಾರರಲ್ಲಿ ಇದು 40ರ ಆಸುಪಾಸಿಗೂ ಇಳಿಯುವುದುಂಟು. ಗರಿಷ್ಠ ಬಡಿತ ಮಾತ್ರ ಅಭ್ಯಾಸದಿಂದ ಏರುವುದಿಲ್ಲ. ಅದನ್ನು ಏರಿಸುವ ಹಟಕ್ಕೆ ಬೀಳುವುದು ವ್ಯರ್ಥ.

ಬಿಸಿಲು, ಜ್ವರ, ನಿದ್ದೆ

ಒಂದೇ ವೇಗಕ್ಕೆ ದಿನವೂ ಒಂದೇ ಅಂಕಿ ಬರುವುದಿಲ್ಲ. ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಓಡಿದರೆ ಮೈ ತಂಪು ಮಾಡಲು ಚರ್ಮಕ್ಕೂ ರಕ್ತ ಹರಿಯಬೇಕು. ಬೆವರಿನಿಂದ ನೀರಿನ ಅಂಶ ಕಡಿಮೆಯಾಗುತ್ತದೆ. ಹೀಗಾಗಿ ವೇಗ ಹೆಚ್ಚದಿದ್ದರೂ ಬಡಿತ ಮೆಲ್ಲಗೆ ಏರುತ್ತಲೇ ಹೋಗುತ್ತದೆ. ಅಂಥ ದಿನ ವೇಗವನ್ನು ಬಿಟ್ಟು ಬಡಿತವನ್ನು ನೆಚ್ಚಿ, ಬಿಸಿಲೇರುವ ಮುಂಚೆ ಅಭ್ಯಾಸ ಮುಗಿಸುವುದು ಜಾಣತನ. ನಿದ್ದೆಗೆಟ್ಟು ಓದಿದ ಮರುದಿನ, ಹೆಚ್ಚು ಕಾಫಿ ಕುಡಿದಾಗ, ಪರೀಕ್ಷೆಯ ಆತಂಕದಲ್ಲಿ ಕೂಡ ಬಡಿತ ಏರುತ್ತದೆ.

ಬೆಳಗಿನ ನಾಡಿ ದಿನನಿತ್ಯಕ್ಕಿಂತ 8-10 ಹೆಚ್ಚಿದ್ದರೆ ಮೈ ಇನ್ನೂ ದಣಿದಿದೆ, ಇಲ್ಲವೇ ಜ್ವರ ಬರುವುದರಲ್ಲಿದೆ ಎಂದು ತಿಳಿದು ಆ ದಿನ ಬಿಡುವು ಕೊಡಬಹುದು. ಜ್ವರವಿದ್ದಾಗ ಮಾತ್ರ ಓಡಲೇಬಾರದು. ಕೆಲವು ವೈರಾಣುಗಳು ಹೃದಯದ ಸ್ನಾಯುವಿಗೇ ಉರಿಯೂತ ತರಬಲ್ಲವು. ಆಗ ಶ್ರಮಪಟ್ಟರೆ ಅಪಾಯ. ‘ಒಂದು ದಿನ ತಪ್ಪಿಸಿದರೆ ಅಭ್ಯಾಸ ಕೆಟ್ಟೀತು’ ಎನ್ನುವ ಮಕ್ಕಳನ್ನು ಹಿರಿಯರು ತಡೆಯಬೇಕಾದದ್ದು ಇಂಥ ಹೊತ್ತಿನಲ್ಲಿ.

ಗಡಿಯಾರ ಹೇಳದ ಮಾತು

ತಾಯಿಯ ಭಯದ ಉಳಿದರ್ಧಕ್ಕೆ ಬರೋಣ. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಯುರೋಪಿನ ಫುಟ್‌ಬಾಲ್ ಪಂದ್ಯದ ನಡುವೆ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದುಬಿದ್ದರು. ಹೃದಯ ನಿಂತಿತ್ತು. ಉನ್ನತ ಮಟ್ಟದ ಆಟಗಾರ, ವಯಸ್ಸು 29. ಕೂಡಲೇ ಎದೆಯೊತ್ತಿ, ವಿದ್ಯುತ್ ಆಘಾತ ಕೊಡುವ ಯಂತ್ರ ಬಳಸಿದ್ದರಿಂದ ಅವರು ಬದುಕಿದರು. ಎದೆಯಲ್ಲಿ ರಕ್ಷಕ ಉಪಕರಣ ಅಳವಡಿಸಿಕೊಂಡು 2022ರಲ್ಲಿ ಮತ್ತೆ ಆಟಕ್ಕೂ ಮರಳಿದರು.

ಹೃದಯದ ಸ್ನಾಯು ಹುಟ್ಟಿನಿಂದ ದಪ್ಪಗಿರುವುದು, ವಿದ್ಯುತ್ ಸಂಚಾರದ ದೋಷ, ರಕ್ತನಾಳದ ಅಡಚಣೆ ಇಂಥವನ್ನು ಬಡಿತ ಎಣಿಸುವ ಗಡಿಯಾರ ಕಂಡುಹಿಡಿಯಲಾರದು. ಕೆಲವು ದುಬಾರಿ ಗಡಿಯಾರಗಳಲ್ಲಿ ಇಸಿಜಿ ಸೌಲಭ್ಯವೂ ಇದೆ. ಅವು ಒಂದು ಬಗೆಯ ತಾಳತಪ್ಪಿದ ಬಡಿತವನ್ನು ಗುರುತಿಸಬಲ್ಲವೇ ಹೊರತು ಹೃದಯಾಘಾತವನ್ನಲ್ಲ. ಅಂಕಿ ಸರಿಯಾಗಿದೆಯೆಂದು ಎದೆನೋವನ್ನು ಕಡೆಗಣಿಸುವುದು, ಅಂಕಿ ಹೆಚ್ಚಿದೆಯೆಂದು ಆರೋಗ್ಯವಂತ ಮಗನನ್ನು ಮನೆಯಲ್ಲಿ ಕೂರಿಸುವುದು, ಎರಡೂ ತಪ್ಪೇ.

ಹೆತ್ತವರು ನೋಡಬೇಕಾದ ಗುರುತುಗಳು ಬೇರೆ. ಓಡುವಾಗ ಮಗ ಅಥವಾ ಮಗಳು ತಲೆಸುತ್ತಿ ಬಿದ್ದರೆ, ಎದೆಯಲ್ಲಿ ನೋವೋ ಹಿಡಿತವೋ ಕಂಡರೆ, ಸಮವಯಸ್ಕರಿಗಿಂತ ವಿಪರೀತ ಏದುಸಿರು ಬಂದರೆ, ಸುಮ್ಮನೆ ಕುಳಿತಿದ್ದಾಗಲೇ ಎದೆ ಡವಗುಟ್ಟಿ ನಿಲ್ಲದಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬಹಳ ವರ್ಷ ಕುಳಿತೇ ಇದ್ದು ಒಮ್ಮೆಗೇ ಓಟಕ್ಕೆ ಇಳಿಯುವ ತಂದೆತಾಯಿಗಳಿಗೂ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಗರೇಟಿನ ಚಟ ಇರುವವರಿಗೂ ಮೊದಲು ತಪಾಸಣೆಯೇ ಸರಿ.

ಗಡಿಯಾರ ಇಲ್ಲದಿದ್ದರೆ?

ಗಡಿಯಾರ ಕೊಳ್ಳಲು ಆಗದ ಮನೆಗಳು ಚಿಂತಿಸಬೇಕಾಗಿಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮವನ್ನು ಮೈಯ ಅನುಭವದಿಂದಲೇ 6ರಿಂದ 20ರವರೆಗೆ ಅಂಕಿ ಕೊಟ್ಟು ಅಳೆಯುವ ಕ್ರಮ ರೂಪಿಸಿದರು. ಏನೂ ಶ್ರಮವಿಲ್ಲ ಎಂದರೆ 6, ಇನ್ನಾಗದು ಎಂದರೆ 20. ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಯುವಕರಲ್ಲಿ ಹೆಚ್ಚುಕಡಿಮೆ ಬಡಿತವೇ ಸಿಗುತ್ತದೆ. ಇನ್ನೂ ಸುಲಭದ ದಾರಿ ಮಾತಿನ ಪರೀಕ್ಷೆ. ಮಾತಾಡಬಹುದು, ಆದರೆ ಹಾಡಲಾಗದು ಎಂದರೆ ಮಧ್ಯಮ ಶ್ರಮ. ಒಂದೆರಡು ಪದಕ್ಕೇ ಉಸಿರು ಸಾಲದು ಎಂದರೆ ಬಿರುಸಿನ ಶ್ರಮ.

ಶಾಲೆಗಳಲ್ಲಿ ಇದನ್ನೊಂದು ವಿಜ್ಞಾನದ ಪಾಠವಾಗಿಯೂ ಮಾಡಬಹುದು. ಮಕ್ಕಳು ಕುಳಿತಾಗ, ನಿಂತಾಗ, ಇಪ್ಪತ್ತು ಬಸ್ಕಿ ಹೊಡೆದಾಗ, ಆಮೇಲೆ ಒಂದು ನಿಮಿಷ ಬಿಟ್ಟು ನಾಡಿ ಎಣಿಸಿ ಚೌಕುಳಿ ಹಾಳೆಯ ಮೇಲೆ ನಕ್ಷೆ ಬರೆದರೆ ಗಣಿತ, ಜೀವಶಾಸ್ತ್ರ, ಆಟ ಮೂರೂ ಒಂದೇ ತರಗತಿಯಲ್ಲಿ ಆದಂತಾಯಿತು. ತಿಂಗಳಿಗೊಮ್ಮೆ ಅದೇ ಪ್ರಯೋಗ ಮಾಡಿದರೆ ಆಡುವ ಮಕ್ಕಳ ನಕ್ಷೆ ಹೇಗೆ ಬದಲಾಗುತ್ತದೆಂಬುದೂ ಕಾಣುತ್ತದೆ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಧ್ಯಮದಿಂದ ಬಿರುಸಿನ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಸ್ಕೂಟರಿನ ಮೇಲೆ ಸಾಗುವ ಎಷ್ಟೋ ಮಕ್ಕಳಿಗೆ ಆ 60 ನಿಮಿಷವೇ ಇಲ್ಲ. ಅವರ ಮನೆಯಲ್ಲಿ ಚಿಂತಿಸಬೇಕಾದದ್ದು ಮೈದಾನದ 172ರ ಬಗ್ಗೆ ಅಲ್ಲ, ದಿನವಿಡೀ 90 ದಾಟದ ಬಡಿತದ ಬಗ್ಗೆ.

ಹಾಗಾದರೆ ಆ ಹುಡುಗ ಮಾಡಬೇಕಾದದ್ದೇನು? ಒಮ್ಮೆ ಮನೆಯ ವೈದ್ಯರಿಗೆ ತೋರಿಸಿಕೊಂಡು, ತೊಂದರೆಯಿಲ್ಲ ಎಂದರೆ ನಾಳೆ ಮತ್ತೆ ಮೈದಾನಕ್ಕೆ ಹೋಗುವುದು. ಈ ಸಲ ಮೊದಲ ಸುತ್ತನ್ನೇ ನಾಗಾಲೋಟದಲ್ಲಿ ಓಡದೆ 145ರಲ್ಲಿ ಹಿಡಿದಿಟ್ಟುಕೊಳ್ಳುವುದು. ತಂದೆಯನ್ನೂ ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಅವರು 125ರಲ್ಲಿ ನಡೆಯಲಿ, ಇವನು 145ರಲ್ಲಿ ಓಡಲಿ. ಮನೆಗೆ ಬಂದ ಮೇಲೆ ಇಬ್ಬರ ಅಂಕಿಯನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ಎರಡು ತಿಂಗಳು ಕಳೆದ ಮೇಲೆ ಆ ಕ್ಯಾಲೆಂಡರನ್ನು ತಾಯಿಗೆ ತೋರಿಸಿದರೆ, ಇಳಿಯುತ್ತಾ ಬಂದ ಬೆಳಗಿನ ನಾಡಿಯ ಸಾಲು ನೋಡಿ ಅವರೇ ಬೆಳಿಗ್ಗೆ ಐದೂವರೆಗೆ ಮಗನನ್ನು ಎಬ್ಬಿಸಿಯಾರು.